ಕೈಯೊಳಗೆ ಹೊಕ್ಕ ಗಾಳಿ

ಮೊದಲು ಚುರ್ ಎಂದಿತು, ಅಷ್ಟೇ.

ಎಡಗೈ ಹೆಬ್ಬೆರಳಿನ ಬುಡದಲ್ಲಿ ಬೆಳಗ್ಗೆ ಸ್ಟೇಪಲ್ ಪಿನ್ನು ಗೀರಿದ ಸಣ್ಣ ಗಾಯವಿತ್ತು. ಹಳೆಯ ಸೋಫಾದ ಧೂಳು ಅಂಗೈಗೆಲ್ಲ ಮೆತ್ತಿಕೊಂಡಿತ್ತು. ಬಟ್ಟೆಯಲ್ಲಿ ಒರೆಸಿಕೊಳ್ಳದೆ ಏರ್ ಕಂಪ್ರೆಸರಿನ ಗಾಳಿಯನ್ನೇ ಕೈಗೆ ಬಿಟ್ಟುಕೊಂಡೆ.

ಅಮೆರಿಕದ ಬರ್ಕ್ಲಿಯ ನಮ್ಮ ಮನೆಯ ಗರಾಜಿನಲ್ಲಿ ಆರು ವರ್ಷದಿಂದ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುತ್ತಿದ್ದೇನೆ. ಬಟ್ಟೆಗೆ ಪಿನ್ನು ಹೊಡೆಯುವ ಸ್ಟೇಪಲ್ ಗನ್ನು ನಡೆಯುವುದು ಆ ಕಂಪ್ರೆಸರಿನಿಂದಲೇ. "ಮೈಮೇಲೆ ಗಾಳಿ ಬಿಟ್ಕೋಬೇಡ ಕಣೇ," ಎಂದು ನನ್ನ ಗಂಡ ರಾಘು ಎಷ್ಟೋ ಸಲ ಹೇಳಿದ್ದರು. ಬರೀ ಗಾಳಿ ತಾನೇ ಎಂದು ನಕ್ಕಿದ್ದೆ.

ಹತ್ತು ನಿಮಿಷದಲ್ಲಿ ಕೈ ಊದಿತು. ಉಂಗುರ ಬಿಗಿಯಾಯಿತು. ಒತ್ತಿದರೆ ಕಡ್ಲೆಪುರಿ ಹಿಸುಕಿದ ಹಾಗೆ ಚರಚರ ಸದ್ದು.

ಸದ್ದು ಬರುತ್ತಿದ್ದದ್ದು ನನ್ನ ಚರ್ಮದ ಕೆಳಗಿನಿಂದ.

"ಸಂಜೆವರೆಗೂ ನೋಡೋಣ," ಎಂದೆ. ಹದಿನೇಳರ ಮಗಳು ಅನು ಒಮ್ಮೆ ಮುಟ್ಟಿ ನೋಡಿದವಳೇ ಕಾರಿನ ಕೀ ತೆಗೆದುಕೊಂಡಳು. "ನೋ ಅಮ್ಮಾ. ವಿ ಆರ್ ಗೋಯಿಂಗ್ ನೌ."

ಎಮರ್ಜೆನ್ಸಿಯಲ್ಲಿ ಉಂಗುರ ಕತ್ತರಿಸಿದರು. ಎಕ್ಸ್‌ರೇಯಲ್ಲಿ ಮೊಣಕೈವರೆಗೂ ಕಪ್ಪು ಗೆರೆಗಳು. ಅದೆಲ್ಲ ಗಾಯದ ಮೂಲಕ ಒಳಹೊಕ್ಕ ಗಾಳಿ ಎಂದರು ಡಾಕ್ಟರು. ಗಾಳಿಯ ಜೊತೆ ಕೊಳೆಯೂ ಒಳಗೆ ಹೋಗಿರಬಹುದು, ಇನ್ಫೆಕ್ಷನ್ ಹರಡಿದರೆ ಸರ್ಜರಿ ಮಾಡಬೇಕಾಗುತ್ತದೆ. ಕೈ ಉಳಿಯುತ್ತದೆಯೇ ಎಂದು ಕೇಳಿದೆ.

ನಾಳೆ ಹೇಳುತ್ತೇನೆ ಎಂದರು.

ಟೆಟನಸ್ ಇಂಜೆಕ್ಷನ್ ಆಯಿತು, ಆ್ಯಂಟಿಬಯಾಟಿಕ್ ಡ್ರಿಪ್ ಹಾಕಿದರು. ಊತ ಎಲ್ಲಿಯವರೆಗಿದೆ ಎಂದು ನರ್ಸ್ ತೋಳಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಳು. ಗಂಟೆಗೊಮ್ಮೆ ಬಂದು ನೋಡಿದಳು. ನಾನು ಕಣ್ಣು ಕೀಳದೆ ಆ ಗೆರೆಯನ್ನೇ ನೋಡುತ್ತಿದ್ದೆ. ರಾಘು ಆಫೀಸಿನಿಂದ ನೇರವಾಗಿ ಬಂದರು. "ನಾನು ಹೇಳಿರಲಿಲ್ಲವಾ" ಎನ್ನಬಹುದಿತ್ತು. ಬದಲಿಗೆ, ಕೆದರಿದ್ದ ನನ್ನ ಕೂದಲು ಬಾಚಿ, ಸೊಟ್ಟಗೆ ಜಡೆ ಹೆಣೆದರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಮರುದಿನ ಊತ ಗೆರೆಯಿಂದ ಕೆಳಗಿಳಿದಿತ್ತು. ಮೂರನೆಯ ದಿನ ಮನೆಗೆ ಕಳಿಸಿದರು. ವಾರದಲ್ಲಿ ಗಾಳಿ ತಾನಾಗಿ ಕರಗಿತು.

ಈಗ ಧೂಳಿಗೆ ಬ್ರಷ್ಷು, ವ್ಯಾಕ್ಯೂಮು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ಕೆಲಸ ಮುಗಿದ ಮೇಲೆ ಕಂಪ್ರೆಸರ್ ಟ್ಯಾಂಕಿನ ಗಾಳಿಯನ್ನು ಪೂರ್ತಿ ಹೊರಗೆ ಬಿಡುತ್ತೇನೆ.

ಎಡಗೈಯ ಎರಡು ಬೆರಳ ತುದಿಗೆ ಇನ್ನೂ ಸ್ಪರ್ಶಜ್ಞಾನ ಮರಳಿ ಬಂದಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಮೊದಲು ಬಲಗೈಯಲ್ಲಿ ಗನ್ನು ಹಿಡಿದು ಎಡಗೈಯಿಂದ ಮಖಮಲ್ಲಿನ ನವಿರೆಳೆಗಳು ಯಾವ ಕಡೆಗೆ ವಾಲಿವೆಯೆಂದು ಮುಟ್ಟಿ ತಿಳಿಯುತ್ತಿದ್ದೆ. ಈಗ ಪ್ರತಿ ಸಲ ಗನ್ನು ಕೆಳಗಿಟ್ಟು ಬಲಗೈಯಿಂದ ಸವರಿ ನೋಡಬೇಕು. ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ.

ಹಿಡಿಯಲಿ.