ಅವ್ವನ ದಿನ ತುಟ್ಟಿಯಾದ ಮಳೆಗಾಲ

ಹನಗೋಡಿನ ಸುತ್ತಮುತ್ತ ಶುಂಠಿ ಎಂದರೆ ಕಷಾಯಕ್ಕೆ ಜಜ್ಜಿ ಹಾಕುವ ಒಂದು ತುಂಡು ಬೇರು ಎಂದಷ್ಟೇ ಗೊತ್ತಿದ್ದ ಕಾಲ ಅದು. ನಮ್ಮೂರಿನ ಹೊಲಗಳಲ್ಲಿ ರಾಗಿ, ಹುರುಳಿ, ಹೊಗೆಸೊಪ್ಪು ಬಿಟ್ಟರೆ ಬೇರೆ ಹಸಿರು ಕಾಣುತ್ತಿರಲಿಲ್ಲ. ಲಕ್ಷ್ಮಣತೀರ್ಥ ತುಂಬಿ ಹರಿದರೂ ಅದರ ನೀರು ನಮ್ಮ ದಿಣ್ಣೆಗೆ ಹತ್ತುತ್ತಿರಲಿಲ್ಲ. ಮೋಡ ನೋಡಿಕೊಂಡು ಬಿತ್ತುವುದು, ಮೋಡ ನೋಡಿಕೊಂಡು ಕಳೆ ತೆಗೆಯುವುದು. ಹಳ್ಳಿಯಲ್ಲಿ ಬೆಳೆದವರಿಗೆ ಮುಯ್ಯಾಳು ಎಂಬ ಮಾತು ನೆನಪಿರಬಹುದು. ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿ ಇಲ್ಲ, ಯಾರ ಹೊಲವೋ ಅವರ ಮನೆಯ ಊಟ.

ನನ್ನ ಅವ್ವ ಜಯಮ್ಮನಿಗೆ ಮುಯ್ಯಾಳಿನ ಜೊತೆಗಾತಿ ಎಂದರೆ ಎದುರು ಮನೆಯ ರತ್ನಮ್ಮ. ನಮಗೆ ರಕ್ತಸಂಬಂಧವಿರಲಿಲ್ಲ, ಆದರೂ ನನಗೆ ಆಕೆ ಚಿಕ್ಕವ್ವ. ಅಪ್ಪ ಹೊಗೆಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್‌ಗೆ ಉರಿ ಹಾಕುವ ಕೆಲಸಕ್ಕೆ ಬೆಟ್ಟದಪುರದ ಕಡೆ ಹೋದರೆ ವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಚಿಕ್ಕವ್ವನ ಗಂಡನಿಗೆ ಸೊಂಟ ಹಿಡಿದುಕೊಂಡು ಬಗ್ಗಲು ಆಗುತ್ತಿರಲಿಲ್ಲ. ಹಾಗಾಗಿ ಎರಡೂ ಮನೆಯ ಹೊಲ ಈ ಇಬ್ಬರು ಹೆಂಗಸರ ಕೈಯಲ್ಲೇ ಇತ್ತು. ಅವ್ವನಿಗೆ ಕಳೆ ತೆಗೆಯುವುದರಲ್ಲಿ ವಿಪರೀತ ವೇಗ. ಉಳಿದವರು ಒಂದು ಸಾಲು ಮುಗಿಸುವಷ್ಟರಲ್ಲಿ ಅವಳು ಎರಡನೆಯ ಸಾಲಿನ ಅರ್ಧಕ್ಕೆ ಬಂದಿರುತ್ತಿದ್ದಳು. ಆದರೆ ಮೊರ ಹಿಡಿದು ರಾಗಿ ಕೇರಲು ಕೂತರೆ ಹೊಟ್ಟು ಎಲ್ಲ ಅವಳ ತಲೆಯ ಮೇಲೆಯೇ. ಚಿಕ್ಕವ್ವ ಕೇರಿದರೆ ಮಾತ್ರ ಒಂದು ಕಲ್ಲು ಉಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಅವ್ವನ ಬೆರಳು ಎರಡೂ ಹೊಲ ಕಾಯುತ್ತಿತ್ತು, ಸುಗ್ಗಿಯಲ್ಲಿ ಚಿಕ್ಕವ್ವನ ಮೊರ ಎರಡೂ ಕಣ ನೋಡಿಕೊಳ್ಳುತ್ತಿತ್ತು. ಯಾರು ಎಷ್ಟು ಮಾಡಿದರೆಂದು ಯಾರೂ ಕೇಳಿದ್ದಿಲ್ಲ.

ನಾನೂ ಚಿಕ್ಕವ್ವನ ಮಗಳು ಮಂಜಿಯೂ ಅದನ್ನೇ ನೋಡಿ ಕಲಿತಿದ್ದೆವು. ಮಂಜಿ ನೇರಳೆ ಮರದ ತುದಿಯವರೆಗೆ ಹತ್ತುತ್ತಿದ್ದಳು, ನಾನು ಅವಳ ಲೆಕ್ಕ ಮಾಡಿಕೊಡುತ್ತಿದ್ದೆ. ಒಂದು ಭಾಗಾಕಾರಕ್ಕೆ ಒಂದು ಬೊಗಸೆ ಹಣ್ಣು. ನಾಲಿಗೆ ನೀಲಿಯಾಗಿ ಒಗರು ಹಿಡಿದ ಮೇಲೆ ನನಗೆ ಹಣ್ಣು ಬೇಡವಾಗುತ್ತಿತ್ತು. ಆಗ ಅವಳು, "ಒಂದ್ ಲೆಕ್ಕಕ್ಕೆ ಎಲ್ಡ್ ಬೊಗಸೆ ಕೊಡ್ತೀನಿ ಕಣೇ ಸವಿ, ಮಾಡ್ಕೊಡೇ" ಎಂದು ಗೋಗರೆಯುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದ ಆ ವರ್ಷ ಕೇರಳದ ಕಡೆಯಿಂದ ಬಂದವರು ಊರ ಮೇಲಿನ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದರು. ನೋಡನೋಡುತ್ತ ಕೆಂಪು ಮಣ್ಣಿನ ಉದ್ದುದ್ದ ಮಡಿಗಳೆದ್ದವು. ಅವುಗಳ ಮೇಲೆ ಹುಲ್ಲಿನ ಹೊದಿಕೆ, ಬದುವಿನಲ್ಲಿ ನೀಲಿ ಟಾರ್ಪಾಲಿನ ಶೆಡ್ಡು. ಗುತ್ತಿಗೆದಾರರನ್ನು ಊರವರೆಲ್ಲ ಚೇಟ ಎನ್ನುತ್ತಿದ್ದರು. ಆ ವರ್ಷ ಮಳೆ ತಡವಾಯಿತು. ಬಿತ್ತನೆ ಹಿಂದೆ ಬಿತ್ತು. ಆಮೇಲೆ ಒಂದೇ ಸಮನೆ ಹುಯ್ದು ಬಿಡುವು ಕೊಟ್ಟಾಗ ರಾಗಿ ಹೊಲಕ್ಕೂ ಶುಂಠಿ ಮಡಿಗೂ ಒಟ್ಟೊಟ್ಟಿಗೇ ಕಳೆ ಎದ್ದಿತು. ಮಣ್ಣು ಹದವಾಗಿದ್ದಾಗಲೇ ಕಳೆ ಕೀಳಬೇಕು. ಒಣಗಿದರೆ ಬೇರು ಬರುವುದಿಲ್ಲ, ಕೆಸರಾದರೆ ಕಾಲಿಡಲು ಆಗುವುದಿಲ್ಲ.

ಮೊದಲು ನಮ್ಮ ಹೊಲ ಎಂದು ಮಾತಾಗಿತ್ತು. ಚಿಕ್ಕವ್ವ ಬಂದಳು, ನಮ್ಮ ಹೊಲ ಮುಗಿಯಿತು. ಅವ್ವ ಮಾಡಿದ್ದ ಬಸ್ಸಾರಿಗೆ ಮುದ್ದೆ ಮುರಿದು ನುಂಗುತ್ತ ಇಬ್ಬರೂ ಬದುವಿನ ಮೇಲೆ ಕೂತು ನಕ್ಕಿದ್ದು ನನಗೆ ಈಗಲೂ ಕೇಳಿಸುತ್ತದೆ. ಸೋಮವಾರದಿಂದ ಚಿಕ್ಕವ್ವನ ಹೊಲ.

ಭಾನುವಾರ ಸಂಜೆ ನಮ್ಮ ಬೀದಿಗೆ ಜೀಪು ಬಂತು. ಚೇಟನ ಮೇಸ್ತ್ರಿ ಇಳಿದು, "ನಾಳಿಕ್ಕೆ ಎಲ್ರೂ ಬರ್ರಮ್ಮ, ಕಳೆ ತಗೀಬೇಕು. ಕೂಲಿ ಜಾಸ್ತಿ ಮಾಡೀವಿ" ಎಂದು ಕೂಗಿದ. ಹೆಂಗಸರು ಜಗಲಿ ಬಿಟ್ಟು ಇಳಿಯಲಿಲ್ಲ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಇನ್ನೊಂದು ಜೀಪು. ಅದು ಬೇರೆ ಚೇಟನದು. ಅದರ ಮೇಸ್ತ್ರಿ ಇಳಿಯುವ ಮೊದಲೇ, "ಅವ್ರು ಕೊಡಾದ್ಕಿಂತ ಐದು ರೂಪಾಯಿ ಮೇಲೆ!" ಎಂದ. ಮೊದಲನೆಯವನು, "ನಾವೂ ಐದು ಮೇಲೆ, ಟೀ ಜೊತೆ ಬನ್ನು" ಎಂದ. ಅಲ್ಲಿಯವರೆಗೆ ಕೂಲಿ ಎಷ್ಟೆಂದು ಕೇಳಿ ಗೊತ್ತೇ ಹೊರತು ನಮ್ಮ ಹೆಂಗಸರು ಬಾಯಿಬಿಟ್ಟು ಇಷ್ಟು ಬೇಕು ಎಂದವರಲ್ಲ. ಈಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯ ತುದಿಗೆ ಬಂದು ನಿಂತರು. ಯಾರೋ, "ಬನ್ನು ನೀನೇ ತಿನ್ನಪ್ಪ, ಕಾಸು ಯೋಳು" ಎಂದಾಗ ಬೀದಿಯೇ ಘೊಳ್ಳೆಂದಿತು. ಕತ್ತಲಾಗುವಷ್ಟರಲ್ಲಿ ಕೂಲಿ ದುಪ್ಪಟ್ಟಾಗಿತ್ತು. ಅಷ್ಟು ದೊಡ್ಡ ಕೂಲಿ ನಮ್ಮ ಬೀದಿ ಅದುವರೆಗೆ ಕೇಳಿರಲಿಲ್ಲ.

ಚಿಕ್ಕವ್ವ ಅಲ್ಲಿರಲಿಲ್ಲ, ದನ ಹೊಡೆದುಕೊಂಡು ಬರಲು ಹೋಗಿದ್ದಳು. ಅವ್ವ ಮಾತ್ರ ಕಂಬ ಹಿಡಿದುಕೊಂಡು ನಿಂತೇ ಇದ್ದಳು. ಜೀಪು ಹೋದ ಮೇಲೆ ಒಳಗೆ ಬಂದಳು, ಹೊರಗೆ ಹೋದಳು. ಒಲೆಯ ಮುಂದೆ ಕೂತಳು, ಎದ್ದಳು. ಹಿತ್ತಲಿಗೆ ಹೋಗಿ ನಾವು ಮೈ ತೊಳೆಯುತ್ತಿದ್ದ ಜಾಗದಲ್ಲಿ ಸುಮ್ಮನೆ ನಿಂತಳು. ನಾಲ್ಕು ಗೂಟಕ್ಕೆ ತೆಂಗಿನ ಗರಿ ಕಟ್ಟಿದ ಮರೆ ಅದು. ಒಂದು ಕಡೆಯ ಗರಿ ಉದುರಿ ಓಣಿಯಿಂದ ನೋಡಿದರೆ ಒಳಗೆಲ್ಲ ಕಾಣುತ್ತಿತ್ತು. ನಾನು ಅಲ್ಲಿ ಹಳೇ ಸೀರೆ ಇಳಿಬಿಟ್ಟುಕೊಂಡು ಸ್ನಾನ ಮಾಡುತ್ತಿದ್ದೆ.

ಬೆಳಿಗ್ಗೆ ಅವ್ವ ಕಳೆ ಕೀಳುವ ಕುಡ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡದೆ ಹೇಳಿದಳು, "ರತ್ನಂಗೆ ಯೋಳ್ಬುಟ್ ಬಾ. ಎಲ್ಡ್ ದಿನ ಬುಟ್ಟು ಬತ್ತೀನಿ ಅಂತ. ಅವ್ಳಿಗೆ ಬ್ಯಾಸ್ರ ಮಾಡ್ಕೋಬ್ಯಾಡ ಅನ್ನು."

"ನೀನೇ ಯೋಳವ್ವ, ಎದ್ರುಮನೆ ತಾನೆ?"

"ಜೀಪು ನಿಂತದೆ ಕಣೇ. ಓಗು."

ನಾನು ಬೀದಿ ದಾಟಿದೆ. ಚಿಕ್ಕವ್ವನ ಮನೆಯೊಳಗೆ ಹುರುಳಿ ಕಾಳಿನ ಸಾರಿಗೆ ಒಗ್ಗರಣೆ ಬಿದ್ದು ಬೆಳ್ಳುಳ್ಳಿಯ ಘಮ ಬಾಗಿಲವರೆಗೂ ಬಂದಿತ್ತು. ಮೊಳಕೆ ಕಟ್ಟಿದ ಹುರುಳಿ ಅವ್ವನಿಗೆ ಇಷ್ಟವೆಂದು ಎರಡು ದಿನ ಮೊದಲೇ ಚಿಕ್ಕವ್ವ ನೆನೆಹಾಕಿದ್ದಳು. ನಾನು ಹೇಳಿದ್ದನ್ನು ಒಪ್ಪಿಸಿದೆ. ಚಿಕ್ಕವ್ವ ಸೌಟು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಬಂದಳು. ಜೀಪು ಹೊರಟಿತ್ತು. ಹಿಂದೆ ಕೂತ ಹೆಂಗಸರ ನಡುವೆ ಅವ್ವನ ಬೆನ್ನು ಕಂಡಿತು.

"ನಿಮ್ಮವ್ವಂಗೆ ಈ ಬೀದಿ ದಾಟಾಕೆ ಆಗ್ನಿಲ್ವಾ?" ಎಂದು ಕೇಳಿದಳು. ಸಿಟ್ಟಿರಲಿಲ್ಲ ದನಿಯಲ್ಲಿ. ನಾನು ಮಂಜಿಯತ್ತ ನೋಡಿದೆ. ಮಂಜಿ ಆಗಲೇ ಶಾಲೆಯ ಲಂಗ ಬಿಚ್ಚಿ ಹೊಲದ ಬಟ್ಟೆ ಹಾಕಿಕೊಳ್ಳುತ್ತಿದ್ದಳು.

ಶಾಲೆಯಲ್ಲಿ ನನಗೆ ಕೂರಲಾಗಲಿಲ್ಲ. ಗಂಟೆ ಹೊಡೆದ ಕೂಡಲೇ ಚೀಲ ಮನೆಗೆ ಎಸೆದು ಚಿಕ್ಕವ್ವನ ಹೊಲಕ್ಕೆ ಓಡಿದೆ. ಅಷ್ಟು ದೊಡ್ಡ ಹೊಲದಲ್ಲಿ ಎರಡೇ ತಲೆ ಕಾಣುತ್ತಿದ್ದವು. ನಾನು ಮಂಜಿಯ ಪಕ್ಕದ ಸಾಲು ಹಿಡಿದೆ. ಚಿಕ್ಕವ್ವ ಸ್ವಲ್ಪ ಹೊತ್ತು ನೋಡಿ, "ನಿಮ್ಮವ್ವನ ಮುಯ್ಯಿ ತೀರಿಸಾಕೆ ಬಂದ್ಯೇನೇ?" ಎಂದಳು.

"ಇಲ್ಲ ಚಿಕ್ಕವ್ವ, ಸುಮ್ಕೆ ಬಂದೆ."

"ಆ ಸಾಲು ಮುಗುಸ್ಬುಟ್ಟು ಮನ್ಗೋಗು. ಮೋಡ ಆಗದೆ."

ಸಾಲು ಮುಗಿಯಲಿಲ್ಲ, ಮಳೆ ಬಂತು. ನಾವು ಮೂವರೂ ಒಂದೇ ಗೋಣಿ ಕೊಪ್ಪೆಯಡಿ ತಲೆ ಒಡ್ಡಿ ಮನೆಗೆ ಓಡಿದೆವು. ಆ ಮಳೆ ಅವತ್ತಿಗೆ ನಿಲ್ಲಲಿಲ್ಲ. ವಾರವಿಡೀ ಹಿಡಿದುಕೊಂಡಿತು. ಎತ್ತರಿಸಿದ ಮಡಿಗಳಲ್ಲಿ ನೀರು ನಿಲ್ಲದ್ದರಿಂದ ಶುಂಠಿಯ ಕೆಲಸ ನಡೆದೇ ಇತ್ತು. ಪ್ಲಾಸ್ಟಿಕ್ ಹೊದ್ದು ಹೆಂಗಸರು ಹೋಗುತ್ತಿದ್ದರು. ರಾಗಿ ಹೊಲ ಮಾತ್ರ ಕೆಸರಾಗಿ ಕೂತಿತು. ಅವ್ವನ ಕೈ ಶುಂಠಿ ಎಲೆಯ ವಾಸನೆ ಹೊಡೆಯುತ್ತಿತ್ತು. ಅವಳು ಕಟ್ಟಿದ ಮುದ್ದೆಗೂ ಅದೇ ಖಾರದ ವಾಸನೆ ಹತ್ತುತ್ತಿತ್ತು. ಉಣ್ಣುತ್ತ ಉಣ್ಣುತ್ತ ಅವಳು ಎದುರು ಮನೆಯ ಬಾಗಿಲನ್ನೇ ನೋಡುತ್ತಿದ್ದಳು.

ಮಳೆ ನಿಂತು ಹೊಳವಾದ ದಿನ ಅವ್ವ ಜೀಪು ಹತ್ತಲಿಲ್ಲ. ಕುಡ್ಲು ತೆಗೆದುಕೊಂಡು ಬೀದಿ ದಾಟಿದಳು. ನಾನೂ ಹಿಂದೆ ಹೋದೆ. ಚಿಕ್ಕವ್ವ ಹಟ್ಟಿ ಮುಂದೆ ಸಗಣಿ ಬಾಚುತ್ತಿದ್ದಳು.

"ನಡಿ ರತ್ನಿ, ಇವತ್ತು ಎಷ್ಟಾಯ್ತದೋ ಅಷ್ಟು ತಗದ್ಬುಡಾನ."

"ಬ್ಯಾಡ ಬುಡು ಜಯ."

"ಯಾಕೇ ಅಂಗಂತೀಯ?"

ಚಿಕ್ಕವ್ವ ತಲೆ ಎತ್ತಿದಳು. "ನಿನ್ನ ದಿನ ಈಗ ತುಟ್ಟಿ ಆಗದೆ ಕಣವ್ವ. ನನ್ನ ಒಲದಲ್ಲಿ ಯಾಕೆ ಕಳ್ಕೊತೀಯಾ? ಜೀಪು ಇನ್ನೂ ತಿರುವಲ್ಲೇ ಅದೆ, ಓಗು."

ಅವ್ವ ಕುಡ್ಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ತಿರುವಿನ ಕಡೆಗೆ ನಡೆದಳು. ಆಮೇಲೆ ಚಿಕ್ಕವ್ವ ಆ ದುಬಾರಿ ಕೂಲಿಗೆ ಆಳು ಕರೆಯಲಾಗದೆ, ಮಗಳ ಜೊತೆ ಕಿತ್ತಷ್ಟು ಕಿತ್ತಳು. ಹೊಲದ ಅರ್ಧಭಾಗದಲ್ಲಿ ಹುಲ್ಲು ರಾಗಿಯನ್ನು ನುಂಗಿಬಿಟ್ಟಿತು. ನನ್ನ ಮತ್ತು ಮಂಜಿಯ ಭಾಗಾಕಾರವೂ ನೇರಳೆ ಹಣ್ಣೂ ನಿಂತುಹೋದವು. ಮಂಜಿ ತಿಂಗಳುಗಟ್ಟಲೆ ಶಾಲೆಗೇ ಬರಲಿಲ್ಲ.

ದೀಪಾವಳಿಗೆ ಮುಂಚೆ ನಮ್ಮ ಹಿತ್ತಲಿಗೆ ಇಟ್ಟಿಗೆ ಬಂದು ಬಿತ್ತು. ಗಾರೆಯವನು ನಾಲ್ಕು ಗೋಡೆ ಎಬ್ಬಿಸಿ, ಮೇಲೆ ಶೀಟು ಹೊದಿಸಿ, ತಗಡಿನ ಬಾಗಿಲು ಕೂರಿಸಿದ. ಬಾಗಿಲಿಗೆ ಒಳಗಿನಿಂದ ಚಿಲಕ. ಮೂಲೆಯಲ್ಲಿ ಹಂಡೆ ಒಲೆ. ಅವ್ವ ಆ ಚಿಲಕವನ್ನು ಹಾಕಿ ತೆಗೆದು ಹಾಕಿ ತೆಗೆದು ನೋಡಿದಳು. "ಇನ್ಮೇಲೆ ನೀನು ಬಾಗ್ಲಾಕ್ಕೊಂಡು ನೀರುಯ್ಕೊ ಕಣವ್ವ" ಎಂದಳು. ಅವಳು ಆ ಮಳೆಗಾಲವೆಲ್ಲ ಏತಕ್ಕೆ ದುಡಿದಳೆಂದು ನನಗೆ ತಿಳಿದದ್ದೇ ಆಗ.

ಅದೇ ಚಳಿಗಾಲದಲ್ಲಿ ನಾನು ಮೈನೆರೆದೆ. ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕಿದ. ಬೀದಿಯ ಹೆಂಗಸರು ಎಳ್ಳಿನ ಚಿಗಳಿ, ಕೊಬ್ಬರಿ, ಬೆಲ್ಲ ತಂದರು. ನೀರು ಹಾಕಲು ದೊಡ್ಡವರೊಬ್ಬರು ಬೇಕಿತ್ತು. ಅವ್ವ ಯಾರನ್ನೂ ಕರೆಯದೆ ಒಳಗೂ ಹೊರಗೂ ತಿರುಗುತ್ತಿದ್ದಳು. ಹಂಡೆಯ ನೀರು ಕುದಿಯುತ್ತಿತ್ತು. ಆಗ ಚಿಕ್ಕವ್ವ ಸೀರೆ ಎತ್ತಿ ಕಟ್ಟಿಕೊಂಡು ಹಿತ್ತಲ ಕಡೆಯಿಂದಲೇ ಬಂದಳು. ಕೈಯಲ್ಲಿ ಅರಿಸಿನದ ಬಟ್ಟಲು. ಅವ್ವನ ಕಡೆ ನೋಡಲಿಲ್ಲ. ನನ್ನ ರಟ್ಟೆ ಹಿಡಿದು ಬಚ್ಚಲೊಳಗೆ ಕೂರಿಸಿದಳು.

ಎರಡು ಚೊಂಬು ನೀರು ಹುಯ್ದವಳು ನಿಂತಳು. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಗೋಡೆ ನೋಡಿದಳು, ಶೀಟು ನೋಡಿದಳು. ಒದ್ದೆ ಕೈಯಿಂದ ಇಟ್ಟಿಗೆಯನ್ನು ಸವರಿದಳು. ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಇದ್ಕೇನೇ ಜಯ?"

ಅವ್ವ ಹೌದೆಂದು ತಲೆ ಆಡಿಸಿದಳು.

"ಒಂದ್ ಮಾತು ಅಂದಿದ್ರೆ ನಾನೇ ನಿನ್ನ ಜೀಪು ಅತ್ತುಸ್ತಿರ್ನಿಲ್ವೇನೇ? ನಂಗೂ ಒಂದು ಎಣ್ಣುಮಗ ಅದೆ. ನಂಗೆ ಗೊತ್ತಾಯ್ತಿರ್ನಿಲ್ವಾ?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಚಿಕ್ಕವ್ವ ಮತ್ತೆ ಚೊಂಬು ತುಂಬಿದಳು. ನನ್ನ ತಲೆಯ ಮೇಲೆ ಬಿಸಿನೀರು ಧಾರೆಯಾಗಿ ಬೀಳುತ್ತಿದ್ದುದರಿಂದ ಅವಳ ಮುಖ ನನಗೆ ಕಾಣಲಿಲ್ಲ. "ಮಂಜೀನೂ ಇಲ್ಲೇ ನೀರುಯ್ಕೊಳ್ಳಿ. ಅವ್ಳು ಬೇರೆ, ಇವ್ಳು ಬೇರೇನಾ?" ಎಂದು ಅವ್ವ ಬಿಕ್ಕುತ್ತ ಹೇಳಿದ್ದು ಮಾತ್ರ ಕೇಳಿಸಿತು. ಮರುದಿನದಿಂದ ಮಂಜಿ ನಮ್ಮ ಬಚ್ಚಲಿಗೆ ಬರತೊಡಗಿದಳು. ಎರಡು ಮನೆಯ ಬಾಗಿಲುಗಳ ನಡುವೆ ಓಡಾಟ ಮತ್ತೆ ಶುರುವಾಯಿತು.

ಮುಯ್ಯಾಳು ಮಾತ್ರ ಶುರುವಾಗಲಿಲ್ಲ. ಮುಂದಿನ ಮಳೆಗಾಲಕ್ಕೆ ಚಿಕ್ಕವ್ವನೂ ಜೀಪು ಹತ್ತಿದಳು. ಶುಂಠಿಯ ರೇಟು ಕಂಡು ಎಲ್ಲರೂ ಶುಂಠಿಯನ್ನೇ ಹಾಕಿದರು. ಎಲ್ಲರ ಬೆಳೆಯೂ ಒಟ್ಟಿಗೆ ಬಂದು, ಕೇಳುವವರಿಲ್ಲದೆ ಮಡಿಯಲ್ಲೇ ಕೊಳೆಯಿತು. ಚೇಟಂದಿರು ಶೆಡ್ಡು ಬಿಚ್ಚಿಕೊಂಡು ಬೇರೆ ಕಡೆಗೆ ಹೋದರು, ಜೀಪು ಬರುವುದು ನಿಂತಿತು, ಕೂಲಿಯೂ ಇಳಿಯಿತು. ಹೆಂಗಸರು ತಮ್ಮ ತಮ್ಮ ಹೊಲಕ್ಕೆ ವಾಪಸಾದರು. ಆದರೆ ಒಬ್ಬರ ಹೊಲಕ್ಕೆ ಒಬ್ಬರು ಸುಮ್ಮನೆ ಹೋಗುವುದು ಅಷ್ಟರಲ್ಲಿ ಮರೆತುಹೋಗಿತ್ತು. ಹೋದರೆ ಕೂಲಿ ಕೇಳಬೇಕಾ ಬೇಡವಾ ಎಂಬ ಮುಜುಗರ, ಕರೆದರೆ ಎಷ್ಟು ಕೊಡಬೇಕೋ ಎಂಬ ಮುಜುಗರ.

ನಾನೀಗ ಹುಣಸೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಮೊದಲ ಪಾಠವೇ ಆಯ್ಕೆಯದು: ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದೇ ಅದರ ನಿಜವಾದ ವೆಚ್ಚ. ಬೋರ್ಡಿನ ಮೇಲೆ ಗೋಧಿ, ಬಟ್ಟೆ ಎಂದು ಬರೆದು ಗೆರೆ ಎಳೆಯುತ್ತೇನೆ. ಮಕ್ಕಳು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಮಾತ್ರ ಆ ತಾಸು ಮುಗಿಯುವವರೆಗೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಲೇ ಇರುತ್ತೇನೆ.

ಕಳೆದ ಮಳೆಗಾಲದಲ್ಲಿ ಅವ್ವನ ಹೊಲಕ್ಕೆ ಆಳು ಬೇಕೆಂದು ಮಂಜಿಗೆ ಫೋನು ಮಾಡಿದೆ. ಈಗ ಅವಳೇ ಮೇಸ್ತ್ರಿ. ಗೂಡ್ಸ್ ಆಟೋದಲ್ಲಿ ಹೆಂಗಸರನ್ನು ಕೂರಿಸಿಕೊಂಡು ಊರೂರಿಗೆ ಕಳೆ ತೆಗೆಸಲು ಹೋಗುತ್ತಾಳೆ. ಆಳಿಗಿಷ್ಟು, ಆಟೋಗಿಷ್ಟು, ಊಟ ಆಳುಗಳದ್ದೇ ಎಂದಳು. ನಾನು ಸರಿ ಎಂದೆ. ಆಮೇಲೆ ಅವಳೇ, "ನಿನ್ತಾವ ಕಾಸು ಕೇಳಾಕೆ ಒಂಥರಾ ಆಯ್ತದೆ ಕಣೇ. ಆದ್ರೆ ಅವ್ರಿಗೆ ಕೊಡ್ಬೇಕಲ್ಲ" ಎಂದಳು.

"ಕೊಡ್ಲೇಬೇಕು. ಆದ್ರೆ ಒಂದಿನ ನಾನೂ ಬತ್ತೀನಿ, ನಿನ್ನ ಪಕ್ಕದ ಸಾಲು ಹಿಡೀತೀನಿ."

ಭಾನುವಾರ ಹೋದೆ. ಹಿಂದಿನ ದಿನದ ಮಳೆಗೆ ಮಣ್ಣು ಹದವಾಗಿತ್ತು. ಮಂಜಿಯ ಬೆರಳು ಅವಳ ಸಾಲಿನಲ್ಲಿ ನೋಡದೆಯೇ ಓಡುತ್ತಿತ್ತು. ನಾನು ಬಗ್ಗಿ ಒಂದು ಪೈರಿಗೆ ಕೈ ಹಾಕಿದೆ. ಅದರ ಪಕ್ಕದಲ್ಲಿ ಇನ್ನೊಂದು, ಅಷ್ಟೇ ಎತ್ತರ, ಅಷ್ಟೇ ಹಸಿರು. ಯಾವುದು ರಾಗಿ, ಯಾವುದು ಕಳೆ ಎಂದು ತಿಳಿಯದೆ ಬಗ್ಗಿದಲ್ಲೇ ನಿಂತೆ. ಮಂಜಿ ತಿರುಗಿ ನೋಡಿ ನಗಲಿಲ್ಲ. ನನ್ನ ಕೈಯನ್ನು ಮೆತ್ತಗೆ ಸರಿಸಿ, ಕೀಳಬೇಕಾದದ್ದನ್ನು ತಾನೇ ಕಿತ್ತು ಮುಂದೆ ಹೋದಳು.