ಕಟ್ಟು ಅಪ್ಪನಿಗೆ, ಕಾಳು ನಮಗೆ

ಅರವತ್ತರ ದಶಕದಲ್ಲಿ, ಅಲ್ಸರ್ ಎಂದು ಬೆಂಗಳೂರಿನಲ್ಲಿ ಅಪ್ಪನಿಗೆ ಆಪರೇಷನ್ ಮಾಡಿ ಜಠರದ ಬಹುಪಾಲು ತೆಗೆದುಹಾಕಿದ್ದರು. "ಸ್ವಲ್ಪಸ್ವಲ್ಪವೇ ಕೊಡಿ, ಆದರೆ ಪ್ರೋಟೀನ್ ಇರಲಿ," ಎಂದಿದ್ದರು ಡಾಕ್ಟರು. ಮೊಟ್ಟೆ ನಮ್ಮ ಶಿಡ್ಲಘಟ್ಟದ ಮನೆಯ ಹೊಸಿಲು ದಾಟುವಂತಿರಲಿಲ್ಲ. ಹಾಲು ಅಪ್ಪನಿಗೆ ಒಗ್ಗುತ್ತಿರಲಿಲ್ಲ. ಉಳಿದದ್ದು ಕಾಳು.

ಅಜ್ಜಿ ದಿನಾ ಹುರುಳಿ ಬೇಯಿಸಿ, ನೀರು ಬಸಿದು, ಆ ಕಟ್ಟನ್ನು ಮಗನಿಗೆ ಕುಡಿಸುತ್ತಿದ್ದಳು. ಕಾಳು ಒಗ್ಗರಣೆ ಬಿದ್ದು ಪಲ್ಯವಾಗಿ ನಮ್ಮ ತಟ್ಟೆಗೆ ಬರುತ್ತಿತ್ತು. ಕಾನ್ವೆಂಟಿನ ಹೈಜೀನ್ ಕ್ಲಾಸಿನಲ್ಲಿ ಕಲಿತಿದ್ದ ನಾನು, "ಅಜ್ಜಿ, ಪ್ರೋಟೀನ್ ಇರೋದು ಕಾಳಲ್ಲಿ," ಎಂದೆ.

"ಸತ್ವ ಎಲ್ಲಾ ಕಟ್ಟಿಗೆ ಇಳಿದಿರ್ತದೆ ಕಣೇ ಮೇಡಮ್ಮ. ಎಷ್ಟು ಬಾಣಂತಿಯರನ್ನ ಇದರಲ್ಲೇ ಎಬ್ಬಿಸಿ ಕೂರಿಸಿದೀನಿ ನಾನು!"

ಅಪ್ಪ ಸೊರಗುತ್ತಲೇ ಹೋದರು. ಉಂಗುರ ಜಾರದಂತೆ ದಾರ ಸುತ್ತಿಕೊಂಡರು. ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಕಾಳನ್ನು ನುಣ್ಣಗೆ ಅರೆದು, ಸ್ಪೂನಿನಲ್ಲಿ ಅವರ ಬಾಯಿಗಿಟ್ಟೆ. ಎರಡನೆಯ ಸ್ಪೂನಿಗೇ ಬೆವತು, ನನ್ನ ಕೈ ಹಿಡಿದುಕೊಂಡರು.

"ಜಾಗ ಇಲ್ಲ ಕಣಮ್ಮ. ನೀನು ಹೇಳೋದೇ ಸರಿ ಇರಬಹುದು. ಆದ್ರೆ ಕಟ್ಟಾದ್ರೆ ಹೆಂಗೋ ಇಳೀತದೆ."

ಸಂಜೆ ಅಜ್ಜಿ ಮತ್ತೆ ಲೋಟ ತಂದಳು. ಅಪ್ಪ ನನ್ನ ಮುಖ ನೋಡದೆ ಕುಡಿದರು. ನನ್ನ ತಟ್ಟೆಗೆ ಕಾಳಿನ ಪಲ್ಯ ಬಿತ್ತು. ತಿಂದೆ.