‘ನಾವು’ ಎಂದರೆ ಯಾರು

ಹಲಸೂರಿನ ಮಾರುಕಟ್ಟೆ ಬೀದಿಯಿಂದ ಒಳಕ್ಕೆ ಸರಿಯುವ ಒಂದು ಓಣಿಯಲ್ಲಿ ನಾನು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತೇನೆ. ಅಡುಗೆ, ಪಾತ್ರೆ ಮುಗಿದು ಮಕ್ಕಳು ಶಾಲೆಯಿಂದ ಬರುವುದರೊಳಗೆ ಸಿಗುವ ಬಿಡುವಿನಲ್ಲಿ ನಮ್ಮ ತರಗತಿ. ನಾನು ಹಾವೇರಿ ಕಡೆಯವಳು. ಗಂಡನ ಕೆಲಸದ ಬೆನ್ನು ಹತ್ತಿ ಜೀವನ್ ಬಿಮಾ ನಗರಕ್ಕೆ ಬಂದು, ಕೆಲವು ವರ್ಷ ಶಾಲೆಯಲ್ಲಿ ಪಾಠ ಮಾಡಿ, ಗಂಟಲು ಕೆಟ್ಟ ಮೇಲೆ ಅದನ್ನು ಬಿಟ್ಟೆ. ಹತ್ತು ಹನ್ನೆರಡು ಜನರ ಮುಂದೆ ಮೆಲ್ಲಗೆ ಮಾತಾಡಿದರೆ ಸಾಕಾಗುವ ಈ ಕೆಲಸ ನನಗೆ ಒಗ್ಗಿತು.

ತರಗತಿ ನಡೆಯುವ ಕೋಣೆ ಓಣಿಯ ಒಂದು ಮನೆಯ ಒಡತಿಯದು. ಅರವತ್ತು ದಾಟಿದ ತಮಿಳು ಹೆಂಗಸು. ಮೊಮ್ಮಗಳು ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಉತ್ತರವನ್ನೇ ಕೊಡುವುದಿಲ್ಲ ಎಂಬ ಸಿಟ್ಟಿಗೆ ಅವರೂ ಕಲಿಯಲು ಹೊರಟಿದ್ದರು. ಮುಂದಿನ ಕುರ್ಚಿ ಅವರದೇ. ಅವರ ಪಕ್ಕದಲ್ಲಿ ಸದಾ ಶಿವಾಜಿನಗರದ ಒಬ್ಬ ಹೆಂಗಸು ಕೂರುತ್ತಿದ್ದಳು. ಗಂಡನ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಯಾವುದಾದರೂ ಮಾಲ್‌ನಲ್ಲಿ ಕೆಲಸಕ್ಕೆ ಸೇರುವ ಆಸೆ ಅವಳಿಗೆ. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ಚುರುಕು ಕನ್ನಡ.

ಸರ್ವನಾಮಗಳ ಪಾಠ ಶುರುವಾದಾಗ ತರಗತಿ ನಗುವಿನ ಸಂತೆಯಾಗಿತ್ತು. “ಮೈ ಹಸ್ಬೆಂಡ್, ದೇ ವೆಂಟ್ ಟು ಆಫೀಸ್” ಎಂದಳೊಬ್ಬಳು.

“ಹೋಗಿದ್ದು ಒಬ್ಬರೇ ಅಲ್ವಾ? ಹೀ ಅನ್ನಿ” ಎಂದೆ.

“ಅಯ್ಯೋ ಮಿಸ್, ಹೀ ಅಂದ್ರೆ ಅವನು ಅಂದಂಗಾಗುತ್ತೆ. ನಮ್ಮತ್ತೆ ಕೇಳಿಸ್ಕೊಂಡ್ರೆ ಮನೆಗೆ ಸೇರಿಸಲ್ಲ.”

ಮಗು ಅಳುತ್ತಿದೆ ಎನ್ನಲು ಎಲ್ಲರೂ ‘ಇಟ್’ ಎನ್ನುತ್ತಿದ್ದರು. ಇವನ್ನೆಲ್ಲ ತಿದ್ದಿ ‘ವೀ’ಗೆ ಬಂದೆವು. ಆಗ ಮನೆಯೊಡತಿ ಕೈ ಎತ್ತಿದರು. “ಮಿಸ್, ವೀ ಅಂದ್ರೆ ನಾಮನಾ, ನಾಂಗನಾ?”

ನನಗೆ ಅರ್ಥವಾಗಲಿಲ್ಲ. ಅವರು ಬೆರಳನ್ನು ಸುತ್ತ ತಿರುಗಿಸಿ ನನ್ನ ಕಡೆಗೂ ತಂದು ಹೇಳಿದರು: “ನಿಮ್ಮನ್ನೂ ಸೇರಿಸ್ಕೊಂಡು ಹೇಳಿದ್ರೆ ನಾಮ. ನಿಮ್ಮನ್ನ ಬಿಟ್ಟು, ನಾವ್ ಮಾತ್ರ ಅಂದ್ರೆ ನಾಂಗ.”

“ನಮ್ಮಲ್ಲೂ ಹಂಗೇ” ಎಂದಳು ಶಿವಾಜಿನಗರದವಳು. “ಎಲ್ಲಾರೂ ಸೇರಿ ಅಂದ್ರೆ ಅಪನ್.”

ಕನ್ನಡದ ಹಾಗೆ ಇಂಗ್ಲಿಷಿನಲ್ಲೂ ಒಂದೇ ಪದ, ಯಾರು ಒಳಗೆ ಯಾರು ಹೊರಗೆ ಎಂಬುದನ್ನು ಮಾತಿನಿಂದಲೇ ಊಹಿಸಬೇಕು ಎಂದೆ. ಮನೆಯೊಡತಿಗೆ ಇದು ಸಮಾಧಾನ ತರಲಿಲ್ಲ. ಇಷ್ಟು ದೊಡ್ಡ ಭಾಷೆಯಲ್ಲಿ ಇನ್ನೊಂದು ಪದ ಮಾಡಿಕೊಳ್ಳಲು ಇವರಿಗೇನು ಬಡತನ ಎಂದು ಗೊಣಗಿದರು.

ಆ ಬೇಸಿಗೆಯಲ್ಲೇ ಆ ಮನುಷ್ಯ ಬಂದದ್ದು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ದನಿ, ಚಪ್ಪಲಿಯನ್ನು ಹೊರಗೇ ಬಿಟ್ಟು ಬರುವ ವಿನಯ. ದೊಮ್ಮಲೂರಿನಲ್ಲಿ ತನ್ನ ಕಚೇರಿಯಿದೆ, ಕೊಲ್ಲಿ ದೇಶಗಳಿಗೆ ಮನೆಗೆಲಸದವರನ್ನು ಕಳಿಸುತ್ತೇನೆ ಎಂದ. ಜೊತೆಗೆ ಒಬ್ಬ ಹುಡುಗಿಯನ್ನು ಕರೆತಂದಿದ್ದ. ಇಪ್ಪತ್ತನಾಲ್ಕು ಇಪ್ಪತ್ತೈದರ ಪ್ರಾಯ. ಬಟ್ಟೆ ಕೈಚೀಲವೊಂದನ್ನು ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು.

“ವೇರ್ ಡು ಯು ಲಿವ್?” ಎಂದು ಅವಳನ್ನು ಕೇಳಿದೆ.

“ಶೀ ಲಿವ್ಸ್ ಇನ್ ಕೆ.ಆರ್. ಪುರಂ, ಮೇಡಂ” ಎಂದ ಅವನು.

“ಅವಳೇ ಹೇಳಲಿ.”

“ಇದಕ್ಕೆ ಬಾಯಿ ಬಿಡೋಕೆ ಭಯ ಮೇಡಂ. ಕಲೀತದೆ ಬಿಡಿ.” ನಕ್ಕ. “ಗ್ರಾಮರ್ ಎಲ್ಲ ಬೇಡ. ಕಮ್, ಗೋ, ವಾಶ್, ವೇಟ್, ಇಷ್ಟು ಅರ್ಥ ಆದ್ರೆ ಸಾಕು. ಮೈ, ಮೈನ್ ಅಂತೆಲ್ಲ ಅಲ್ಲಿ ಬೇಕಾಗಲ್ಲ.”

ಅಮಂಗಳವಾದದ್ದೇನನ್ನೋ ಕೇಳಿಸಿಕೊಂಡ ಹಾಗಾಯಿತು. ಅವನು ಹೋದ ಮೇಲೆ ಅಂದಿನ ಪಾಠವನ್ನು ಪಕ್ಕಕ್ಕಿಟ್ಟು ‘ಮೈ’, ‘ಮೈನ್’ ಕಲಿಸಿದೆ. “ದಿಸ್ ಈಸ್ ಮೈ ಬ್ಯಾಗ್. ಇಟ್ ಈಸ್ ಮೈನ್” ಎಂದು ಆ ಹುಡುಗಿ ಹೇಳುವಾಗ ಅವಳ ದನಿ ಮೊದಲ ಬಾರಿ ಕೋಣೆಯ ಆಚೆ ಗೋಡೆಗೆ ಮುಟ್ಟಿತು. ಬೇಗ ಕಲಿಯುವ ಹುಡುಗಿ ಎಂದು ಅಂದೇ ತಿಳಿಯಿತು.

ಅವನು ಮತ್ತೆ ಮತ್ತೆ ಬರತೊಡಗಿದ. ಓಣಿಗೆ ಅಡ್ಡಲಾಗಿ ಅವನ ಬಿಳಿ ಕಾರು ನಿಂತರೆ ಒಳಗೆ ಹೆಂಗಸರ ದನಿ ತಾನಾಗಿ ತಗ್ಗುತ್ತಿತ್ತು. ಹಿಂದಿನ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರನ್ನೇ ನೋಡುತ್ತಿದ್ದ. ಪಾಠ ಮುಗಿದ ಮೇಲೆ ಶಿವಾಜಿನಗರದವಳನ್ನು ಬಾಗಿಲ ಬಳಿ ನಿಲ್ಲಿಸಿ ಮಾತಾಡಿಸಿದ. ಮಾಲ್‌ನಲ್ಲಿ ನಿಂತು ಕಾಲು ನೋಯಿಸಿಕೊಳ್ಳುವ ಬದಲು ಅಲ್ಲಿಗೆ ಬಾ, ಈ ಹುಡುಗಿಗೂ ಜೊತೆಯಾಗುತ್ತದೆ ಎಂದನಂತೆ. ಅವಳು ಯೋಚಿಸತೊಡಗಿದ್ದಳು. ಇನ್ನು ಇಲ್ಲಿಗೆ ಬರಬೇಡಿ ಎಂದು ಅವನಿಗೆ ಹೇಳಲೇಬೇಕೆಂದು ನಾನು ಗಟ್ಟಿ ಮನಸ್ಸು ಮಾಡಿಕೊಂಡ ದಿನ, ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ: “ನಿಮ್ಮನೆ ಪಾರ್ಕ್ ಎದುರಿಗಲ್ವಾ ಮೇಡಂ? ಹಸಿರು ಗೇಟು?”

ನಾನು ಅವನಿಗೆ ಮನೆಯ ವಿಷಯ ಹೇಳಿಯೇ ಇರಲಿಲ್ಲ. ಅಂದು ಮನೆಗೆ ಹೋಗುವಾಗ ಆಟೋದಿಂದ ಒಂದು ತಿರುವು ಮೊದಲೇ ಇಳಿದು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತ ನಡೆದೆ. ಯಾರೂ ಇರಲಿಲ್ಲ. ಆದರೂ ಗೇಟಿನ ಚಿಲಕ ಹಾಕಿ, ಮತ್ತೊಮ್ಮೆ ಎಳೆದು ನೋಡಿದೆ.

ಕೊನೆಗೆ ಶಿವಾಜಿನಗರದವಳೂ ಹುಡುಗಿಯ ಜೊತೆ ಹೋಗಲು ಒಪ್ಪಿದಳು. ಹೊರಡುವ ದಿನ ಹತ್ತಿರ ಬಂದಾಗ ಅವನು ಸಿಹಿ ತಂದು ಹಂಚಿದ. ಹುಡುಗಿ ಮತ್ತು ಶಿವಾಜಿನಗರದವಳ ನಡುವೆ ನಿಂತು ಹೇಳಿದ: “ಏನೂ ಹೆದರಬೇಡಿ. ನಾವೆಲ್ಲ ಒಂದೇ ಕುಟುಂಬ ಇದ್ದಂಗೆ. ಅಲ್ಲಿ ನಾವು ಒಟ್ಟಿಗೇ ಇರ್ತೀವಿ. ಪಾಸ್‌ಪೋರ್ಟ್ ನಾವು ಇಟ್ಕೊಂಡಿರ್ತೀವಿ, ಕಳೆದೋಗಬಾರದು ನೋಡಿ.”

ಮನೆಯೊಡತಿ ಸಿಹಿಯನ್ನು ಮುಟ್ಟದೆ ಕುರ್ಚಿಯ ಮೇಲಿಟ್ಟರು. “ತಂಬಿ, ಇದು ಯಾವ ನಾವು? ನಾಮನಾ, ನಾಂಗನಾ?”

ತಮಿಳು ಬಲ್ಲವನೇ ಇರಬೇಕು. ತಡವರಿಸಿದ. “ಅದು ನಾಂಗ ಅಮ್ಮ. ಕಂಪನಿ.”

“ಪಾಸ್‌ಪೋರ್ಟ್ ಸರಿ. ಒಟ್ಟಿಗೇ ಇರೋದು ಯಾರು?”

“ನಮ್ಮ ಕಂಪನಿಯವರು ಆ ಊರಲ್ಲೇ ಇರ್ತಾರೆ. ಇವರಿಗೆ ಬೇರೆ ಬೇರೆ ಮನೆ ಕೊಡ್ತಾರೆ, ಅಷ್ಟೆ.”

ಶಿವಾಜಿನಗರದವಳು ಎದ್ದು ನಿಂತಳು. “ಇಬ್ರೂ ಒಂದೇ ಮನೆ ಅಂದಿದ್ರಲ್ಲಾ ನೀವು? ನನ್ ಗಂಡನ ಮುಂದೇನೇ ಅಂದಿದ್ರಿ.” ಅವನು ಏನೋ ಹೇಳಹೊರಟ. ಅವಳು ಕೇಳಿಸಿಕೊಳ್ಳಲಿಲ್ಲ. ಬುರ್ಖಾ ಸರಿಪಡಿಸಿಕೊಂಡು, ಅವನು ಕೊಟ್ಟಿದ್ದ ಸಿಹಿಯನ್ನು ಅವನ ಕೈಗೇ ಹಿಂದಿರುಗಿಸಿ ಹೊರಟುಹೋದಳು.

ಅವನ ಮುಖದಲ್ಲಿ ನಗು ಹಾಗೇ ಇತ್ತು. “ತಮಿಳು ಕ್ಲಾಸ್ ಬೇರೆ ಇಟ್ಕೊಳ್ಳಿ ಅಮ್ಮ” ಎಂದು ಮನೆಯೊಡತಿಗೆ ಹೇಳಿ, ಹುಡುಗಿಗೆ ಕಣ್ಣಲ್ಲೇ ಸನ್ನೆ ಮಾಡಿ ಕಾರಿನ ಕಡೆ ನಡೆದ. ನಾನು ಗೇಟಿನ ಬಳಿ ಅವಳ ಕೈ ಹಿಡಿದೆ.

“ಹೋಗಬ್ಯಾಡ. ಇದು ಸರಿ ಕಾಣಂಗಿಲ್ಲ ನಂಗ.” ಗಾಬರಿಯಾದಾಗ ನನ್ನ ಬಾಯಲ್ಲಿ ಊರಿನ ಮಾತೇ ಬರುತ್ತದೆ.

“ಅಣ್ಣನ ಮನೇಲಿ ನಾನು ಎಲ್ಲಿ ಮಲಗ್ತೀನಿ ಗೊತ್ತಾ ಮಿಸ್? ಸಿಲಿಂಡರ್ ಪಕ್ಕ. ಕಾಲು ಚಾಚಿದ್ರೆ ಬಾಗಿಲಿಗೆ ತಗಲುತ್ತೆ. ಅಲ್ಲಿ ನನಗೇ ಅಂತ ಒಂದು ರೂಮ್ ಕೊಡ್ತಾರಂತೆ.” ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಮನಸ್ಸು ಬದಲಿಸುವವಳೂ ಅಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ಕಾರಿನ ಹಾರನ್ ಕೂಗಿತು. ಹೊಳೆದದ್ದು ಒಂದೇ: ಮನೆಯೊಡತಿಯ ಫೋನ್ ನಂಬರನ್ನು ಅವಳಿಂದ ಬಾಯಿಪಾಠ ಮಾಡಿಸಿದೆ. ಎಲ್ಲೂ ಬರೆದುಕೊಳ್ಳಬೇಡ, ತಲೆಯಲ್ಲಿಟ್ಟುಕೋ ಎಂದೆ. ಅಂಕಿಗಳನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಒಪ್ಪಿಸಿ ಅವಳು ಕಾರು ಹತ್ತಿದಳು.

ಅವಳು ಕೊಲ್ಲಿಗೆ ಹೋದ ಮೇಲೆ ಶುಕ್ರವಾರದ ಮಧ್ಯಾಹ್ನ ಅವಳ ಕರೆ ಬರುತ್ತಿತ್ತು. ಮನೆಯೊಡತಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಿದ್ದರು, ತರಗತಿಯೆಲ್ಲ ಸುತ್ತ ನೆರೆಯುತ್ತಿತ್ತು. ಮೊದಲ ಸಲ ಹುರುಪಿನಿಂದ, “ಐ ಆಮ್ ಫೈನ್ ಮಿಸ್. ಹೌಸ್ ಈಸ್ ಬಿಗ್” ಎಂದಳು. ರೂಮು ಕೊಟ್ಟರಾ ಎಂದು ಮನೆಯೊಡತಿ ಕೇಳಿದರೆ ಮತ್ತೆ “ಹೌಸ್ ಈಸ್ ಬಿಗ್” ಎಂದೇ ಹೇಳಿದಳು. ಮುಂದಿನ ಸಲ ಕನ್ನಡವೇ ಇರಲಿಲ್ಲ. “ಶೀ ಈಸ್ ಗುಡ್. ಹೀ ಈಸ್ ಗುಡ್.” ಯಾರೋ ಪಕ್ಕದಲ್ಲಿ ನಿಂತು ಪ್ರತಿ ಮಾತನ್ನೂ ಅಳೆದು ಬಿಡುತ್ತಿದ್ದ ಹಾಗೆ, ಒಂದೊಂದು ವಾಕ್ಯದ ನಡುವೆ ದೊಡ್ಡ ಅಂತರ.

ಅದರ ಮುಂದಿನ ಕರೆಯಲ್ಲಿ ಅವಳು ಹೇಳಿದ್ದು, “ವೀ ಆರ್ ಫೈನ್.”

ಅವಳು ಆ ಮನೆಗೆ ಒಬ್ಬಳೇ ಹೋದವಳು. ಪದ ತಪ್ಪುವವಳೂ ಅಲ್ಲ. “ಹೂ ಈಸ್ ವೀ?” ಎಂದೆ. “ವೀ, ಮಿಸ್. ವೀ ಆರ್ ಫೈನ್” ಎಂದು ಮತ್ತೆ ಹೇಳಿದಳು. ಹಿಂದಿನಿಂದ ಹೆಣ್ಣು ದನಿಯೊಂದು ಗದರಿತು. ಕರೆ ಕಡಿಯಿತು. ಆಮೇಲೆ ಶುಕ್ರವಾರಗಳು ಬಂದವು, ಕರೆ ಬರಲಿಲ್ಲ. ಅವಳು ಮಾತಾಡುತ್ತಿದ್ದ ನಂಬರಿಗೆ ಫೋನ್ ಮಾಡಿದರೆ ಅರಬ್ಬಿಯಲ್ಲಿ ಧ್ವನಿಮುದ್ರಿತ ಸಂದೇಶ ಬಂದು ನಿಲ್ಲುತ್ತಿತ್ತು.

ಮನೆಯೊಡತಿಯೂ ನಾನೂ ದೊಮ್ಮಲೂರಿಗೆ ಹೋದೆವು. ಅವನು ಹೇಳಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ಬೋರ್ಡು ತೆಗೆದ ಜಾಗದಲ್ಲಿ ಮೊಳೆಯ ತೂತುಗಳಿದ್ದವು. ಗಾಜಿನ ಬಾಗಿಲಿನಾಚೆ ಖಾಲಿ ಕುರ್ಚಿಗಳು. “ಖಾಲಿ ಮಾಡ್ಕೊಂಡು ಹೋದ್ರಲ್ಲ ಮೇಡಂ” ಎಂದ ಕಾವಲುಗಾರ. “ನಿಮ್ ಥರಾನೇ ಇನ್ನೂ ಯಾರ್ಯಾರೋ ಬಂದ್ ಕೇಳ್ತಿದ್ರು.” ಆ ‘ಯಾರ್ಯಾರೋ’ ಎಂಬ ಮಾತು ಕೇಳಿ ಮೆಟ್ಟಿಲಿಳಿಯುವಾಗ ಮನೆಯೊಡತಿ ನನ್ನ ಭುಜ ಹಿಡಿದುಕೊಂಡರು.

ಕೆ.ಆರ್. ಪುರಂನಲ್ಲಿ ಅವಳ ಅಣ್ಣ ಬಾಗಿಲನ್ನು ಅರ್ಧ ಮಾತ್ರ ತೆರೆದ. “ಅವಳಾಗೇ ಹೋಗಿದ್ದು. ನಾವೇನ್ ಮಾಡೋಕಾಗುತ್ತೆ?” ಮನೆಯೊಡತಿ ಹೊಸಿಲ ಮೇಲೆಯೇ ಕೂತುಬಿಟ್ಟರು. ನೀನು ಠಾಣೆಗೆ ಬರುವ ತನಕ ಏಳುವುದಿಲ್ಲ ಎಂದರು. ಬೀದಿಯ ಜನ ಇಣುಕತೊಡಗಿದ ಮೇಲೆ ಅವನು ಅಂಗಿ ಹಾಕಿಕೊಂಡು ಬಂದು ದೂರು ಕೊಟ್ಟ. ಅವಳನ್ನು ಪ್ರವಾಸಿ ವೀಸಾದಲ್ಲಿ ಕಳಿಸಿದ್ದಾರೆ, ಹಾಗಾಗಿ ಕೆಲಸಕ್ಕೆ ಹೋದವರ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ ಎಂಬುದು ಅಲ್ಲಿ ತಿಳಿಯಿತು.

ಶಿವಾಜಿನಗರದವಳ ದಾಯಾದಿ ತಮ್ಮನೊಬ್ಬ ಹುಡುಗಿ ಹೋದ ಊರಿನಲ್ಲೇ ಗಾಡಿ ಓಡಿಸುತ್ತಿದ್ದ. ಅವಳು ಅವನಿಗೆ ದಿನವೂ ಫೋನ್ ಮಾಡಿ ಕಾಡತೊಡಗಿದಳು. ವಿಳಾಸವಿಲ್ಲದೆ ಎಲ್ಲಿ ಹುಡುಕಲಿ ಎಂದು ಅವನು ಬೈಯುತ್ತಿದ್ದ. ಮಳೆಗಾಲ ಮುಗಿದು ಹಬ್ಬಗಳೂ ಮುಗಿದವು. ಒಂದು ಮಧ್ಯಾಹ್ನ ತರಗತಿಯ ನಡುವೆ ಮನೆಯೊಡತಿಯ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು, ಹುಡುಗಿಯ ದನಿ.

“ಅಮ್ಮಾ, ಐ ಆಮ್ ಔಟ್‌ಸೈಡ್. ಯಾರ್ದೋ ಫೋನು. ಬೇಗ ಕೇಳಿಸ್ಕೊಳ್ಳಿ.” ಎದುರಿಗೆ ಕಾಣುವ ಮಸೀದಿ, ಔಷಧಿ ಅಂಗಡಿ, ಮೇಲ್ಸೇತುವೆ ಎಲ್ಲವನ್ನೂ ಉಸಿರು ಬಿಡದೆ ಹೇಳಿದಳು. ಶಿವಾಜಿನಗರದವಳು ತನ್ನ ಫೋನಿನಲ್ಲಿ ಅದನ್ನೆಲ್ಲ ತಮ್ಮನಿಗೆ ದಾಟಿಸಿದಳು. ಅವನು ಗಾಡಿ ತಿರುಗಿಸಿಕೊಂಡು ಹೋಗಿ ಅವಳನ್ನು ಹತ್ತಿಸಿಕೊಂಡು ನೇರವಾಗಿ ನಮ್ಮ ದೇಶದ ರಾಯಭಾರ ಕಚೇರಿಗೆ ಬಿಟ್ಟ.

ಅವಳು ಮರಳಿ ಬಂದಾಗ ಕೆನ್ನೆ ಒಳಗೆ ಹೋಗಿತ್ತು. ಮುಂಗೈಯಲ್ಲಿ ಇಸ್ತ್ರಿ ಪೆಟ್ಟಿಗೆಯ ತ್ರಿಕೋನದ ಗುರುತು. ಮನೆಯೊಡತಿ ರಸಂ ಅನ್ನ ಕಲಸಿ ಕೊಟ್ಟರು. ಅರ್ಧ ಉಂಡ ಮೇಲೆ ಅವಳೇ ಹೇಳಿದಳು.

“ಆವತ್ತು ವೀ ಅಂದಿದ್ದು ಬೇಕೂಂತಲೇ ಮಿಸ್. ಆ ಮನೇಲಿ ನನಗಿಂತ ಮುಂಚೆಯಿಂದ ಇನ್ನೊಬ್ಬಳಿದ್ಳು. ಅವಳ ವಿಷ್ಯ ಹೊರಗೆ ಹೇಳಬಾರ್ದು ಅಂದಿದ್ರು. ನಿಮಗಾದ್ರೂ ಗೊತ್ತಾಗ್ಲಿ ಅಂತ.”

“ಯಾವ ದೇಶದವಳು?”

“ಗೊತ್ತಿಲ್ಲ. ಅವಳ ಭಾಷೆ ನನಗೆ ಬರಲ್ಲ, ನನ್ನದು ಅವಳಿಗೆ ಬರಲ್ಲ. ನೀವು ಹೇಳ್ಕೊಟ್ಟ ಇಂಗ್ಲಿಷಲ್ಲೇ ಮಾತಾಡ್ತಿದ್ವಿ. ಐ ಹಂಗ್ರಿ. ಯು ಸ್ಲೀಪ್. ಇಷ್ಟೇ.”

“ಹೆಸರು?”

“ನಮ್ಮಿಬ್ಬರನ್ನೂ ಅವರು ಒಂದೇ ಹೆಸರಲ್ಲಿ ಕರೀತಿದ್ರು. ಕೂಗಿದ್ರೆ ಇಬ್ರೂ ಓಡ್ಬೇಕು.” ತಟ್ಟೆಯನ್ನು ದೂರ ಸರಿಸಿದಳು. “ನಿಜವಾದ ಹೆಸರು ಒಂದ್ಸಲ ಹೇಳಿದ್ಳು. ನನಗೆ ನಾಲಿಗೆ ತಿರುಗ್ಲಿಲ್ಲ. ಬಾಗಿಲು ತೆಗೆದು ನನ್ನ ಹೊರಗೆ ತಳ್ಳಿದ್ದು ಅವಳೇ. ಕಮ್, ಕಮ್ ಅಂತ ಕೈ ಚಾಚಿದೆ. ಒಳಗಿಂದ ಯಾರೋ ಕೂಗಿದ್ರು. ಅವಳು ಬಾಗಿಲು ಹಾಕ್ಕೊಂಡ್ಳು.”

ಆ ಇನ್ನೊಬ್ಬಳ ಬಗ್ಗೆ ಅರ್ಜಿ ಕೊಟ್ಟೆವು. ಹೆಸರೇನು, ಯಾವ ದೇಶ ಎಂದು ಕೇಳಿದರು. ಎರಡೂ ಜಾಗ ಖಾಲಿ ಬಿಟ್ಟು ಸಹಿ ಹಾಕಿದೆವು. ಮಸೀದಿ, ಔಷಧಿ ಅಂಗಡಿಯ ಗುರುತು ಹಿಡಿದು ಶಿವಾಜಿನಗರದವಳ ತಮ್ಮ ಆ ಬೀದಿಗೆ ಹೋಗಿ ನೋಡಿ ಬಂದ. ಮನೆಗೆ ಬೀಗ ಬಿದ್ದಿತ್ತಂತೆ. ಅಲ್ಲಿಗೆ ಆ ದಾರಿ ಮುಗಿಯಿತು. ಕಾರಿನ ಮನುಷ್ಯ ಇನ್ನೂ ಸಿಕ್ಕಿಲ್ಲ.

ಹುಡುಗಿ ಈಗ ಮನೆಯೊಡತಿಯ ಮಹಡಿಯ ಮೇಲಿನ ಕೋಣೆಯಲ್ಲಿದ್ದಾಳೆ. ಹೊಸ ತಿಪ್ಪಸಂದ್ರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕಡೆ ಅಡುಗೆ ಕೆಲಸ. ಮಧ್ಯಾಹ್ನ ಬಿಡುವಾದರೆ ಬಂದು ಹೊಸಬರಿಗೆ ಅಭ್ಯಾಸ ಮಾಡಿಸುತ್ತಾಳೆ. ಪಾಠದ ಹೊತ್ತಿನಲ್ಲಿ ನಾವೀಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇವೆ. ಯಾರಾದರೂ ತಟ್ಟಿದರೆ ಮೊದಲು ಎದ್ದು ಹೋಗಿ ಕಿಟಕಿಯ ಪರದೆ ಸರಿಸುವವಳು ಅವಳು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿ, ಅವಳು ತಲೆಯಾಡಿಸಿದ ಮೇಲೆಯೇ ನಾನು ಚಿಲಕ ತೆಗೆಯುತ್ತೇನೆ.